ಕೊಳೆ ಕಳೆಯುವುದು, ಕಳೆ ತುಂಬುವುದು



ಕಳೆದ ಕಾರ್ತಿಕ ಮಾಸದಲ್ಲಿ ಈ ಭೇರ್ಯದ ಕಡೆಯ ಒಬ್ಬ ವೃದ್ಧ ತಾಯಿ ಮಠಕ್ಕೆ ಬಂದಿದ್ದರು. ನಮಸ್ಕಾರ ಮಾಡಿದವರು ಏಳಲೇ ಇಲ್ಲ. "ಯಾಕೆ ತಾಯಿ?" ಎಂದೆವು. "ಬುದ್ಧಿ, ದೇವರ ಸಾಮಾನೆಲ್ಲ ಹುಣಸೇಹಣ್ಣು ಹಾಕಿ ಬೆಳಗ್ತಾ ಇದ್ದೆ. ಲಿಂಗಪ್ಪನ್ನೂ ಹಂಗೇ ತಿಕ್ಬಿಟ್ಟೆ. ಮೇಲಿನ ಕಪ್ಪು ಎದ್ದು ಬಂತು. ಗಾಬರೀಲಿ ಕೈಜಾರಿ ಕೆಳಕ್ಕೂ ಬಿತ್ತು. ಮೂರು ತಿಂಗಳಾಯ್ತು ಬುದ್ಧಿ, ಮೈಮೇಲೆ ಲಿಂಗ ಇಲ್ಲ. ನಾನು ಕೆಟ್ಟೆ" ಎಂದು ಅತ್ತರು. ಅಂದು ಆ ತಾಯಿಗೆ ಹೇಳಿದ್ದನ್ನೇ ಇಂದು ನಿಮ್ಮೆಲ್ಲರಿಗೂ ವಿಸ್ತರಿಸಿ ಹೇಳಬೇಕೆನಿಸಿದೆ. ಏಕೆಂದರೆ ಆ ತಾಯಿಯ ಅಂಜಿಕೆ ಒಬ್ಬರದಲ್ಲ, ಹಲವು ಮನೆಗಳದು.

ನಮ್ಮ ಸೀಮೆಯ ರೂಢಿಯನ್ನೇ ನೋಡಿ. ಹಬ್ಬ ಜಾತ್ರೆಗಳ ಮುನ್ನ ಊರದೇವರ ಕಳಶ, ಕತ್ತಿ, ಬೆತ್ತ, ಒಡವೆಗಳನ್ನು ಹೊಳೆಗೋ ಕೆರೆಗೋ ಹೊತ್ತುಕೊಂಡು ಹೋಗುತ್ತಾರೆ. ಅಲ್ಲಿ ಬೆಳಗಿ, ತೊಳೆದು, ವಿಭೂತಿ ಬಳಿದು, ಹೂವು ಮುಡಿಸಿ, ಗಂಗೆಪೂಜೆ ಮಾಡಿ, ವಾದ್ಯದೊಡನೆ ಮರಳಿ ತರುತ್ತಾರೆ. ಮಹಾನವಮಿಯ ದಿನ ನೇಗಿಲು, ಕುಡುಗೋಲು, ತಕ್ಕಡಿಗಳಿಗೆ ಪೂಜೆ. ಈಗ ಟ್ರಾಕ್ಟರಿಗೂ ಮೋಟಾರು ಬೈಕಿಗೂ ಬೂದುಗುಂಬಳ ಒಡೆಯುತ್ತಾರೆ. ಇದನ್ನು ಕಂಡು ನಗಬೇಕಾದ್ದಿಲ್ಲ. ಅನ್ನ ಕೊಟ್ಟ ವಸ್ತುವನ್ನು ವರ್ಷಕ್ಕೊಮ್ಮೆಯಾದರೂ ತೊಳೆದು ಕೈಮುಗಿಯುವುದು ಕೃತಜ್ಞತೆಯ ಲಕ್ಷಣ.

ಈ ಎಲ್ಲ ಆಚಾರಗಳಲ್ಲಿ ಎರಡು ಕೆಲಸಗಳು ಸೇರಿವೆ. ಒಂದು, ಕೊಳೆ ಕಳೆಯುವುದು. ಇನ್ನೊಂದು, ಕಳೆ ತುಂಬುವುದು. ಕೊಳೆ ಹೋಗುವುದು ನೀರಿನಿಂದ, ಹುಳಿಯಿಂದ, ಕೈಯ ದುಡಿಮೆಯಿಂದ. ತಾಮ್ರದ ಚೊಂಬಿಗೆ ಹಿಡಿದ ಕಿಲುಬು ಹುಣಸೆಯ ಹುಳಿಗೆ ಕರಗುತ್ತದೆ. ಅದಕ್ಕೆ ಮಂತ್ರ ಬೇಕಾಗಿಲ್ಲ. ಕಳೆ ಬರುವುದು ಭಾವದಿಂದ. ಅದಕ್ಕೆ ಹುಣಸೇಹಣ್ಣು ಸಾಲದು. ಇವೆರಡನ್ನೂ ಒಂದೇ ಎಂದು ತಿಳಿದಾಗ ತೊಂದರೆ ಹುಟ್ಟುತ್ತದೆ. ಕೊಳೆಯಾದರೆ ಕಳೆಯೂ ಹೋಯಿತೆಂದು ಭಕ್ತನು ಅಂಜುತ್ತಾನೆ.

ದೇವಾಲಯದ ಕ್ರಮವನ್ನು ಗಮನಿಸಿ. ಅಲ್ಲಿ ಮೂರ್ತಿಗೆ ಪ್ರಾಣಪ್ರತಿಷ್ಠೆ ಮಾಡುವವರು ಪುರೋಹಿತರು. ಮೂರ್ತಿಯನ್ನು ಕದಲಿಸಬೇಕಾದರೆ ಮೊದಲು ಅದರ ಕಳೆಯನ್ನು ಕಲಶದ ನೀರಿಗೆ ಇಳಿಸಿಕೊಳ್ಳುತ್ತಾರೆ. ಅದಕ್ಕೆ ಕಳಾಕರ್ಷಣೆ ಎನ್ನುತ್ತಾರೆ. ಮೈಲಿಗೆಯಾಯಿತೆಂದರೆ ಸಂಪ್ರೋಕ್ಷಣೆ ಉಂಟು. ಅಲ್ಲಿ ದೇವರಿಗೂ ಭಕ್ತನಿಗೂ ನಡುವೆ ಇನ್ನೊಬ್ಬರ ಕೈ ಬೇಕು.

ಇಷ್ಟಲಿಂಗದ ಕ್ರಮ ಬೇರೆ. ಒಳಗೆ ಒಂದು ಚಿಕ್ಕ ಶಿಲೆ. ಅದರ ಮೇಲೆ ಬೂದಿ, ಎಣ್ಣೆ, ಗೇರಿನ ರಸ ಮೊದಲಾದವುಗಳಿಂದ ಮಾಡಿದ ಕಪ್ಪು ಲೇಪ. ಇಷ್ಟೇ ಆದರೆ ಅದು ಕುಶಲಕರ್ಮಿಯ ಕೈಕೆಲಸ. ದೀಕ್ಷೆಯ ಹೊತ್ತಿನಲ್ಲಿ ಗುರುವು ಅದಕ್ಕೆ ಅಭಿಷೇಕ ಮಾಡಿ ಶಿಲೆಯ ಪೂರ್ವಾಶ್ರಯವನ್ನು ಕಳೆಯುತ್ತಾನೆ. ಶಿಷ್ಯನ ತಲೆಯ ಮೇಲೆ ಹಸ್ತವಿಟ್ಟು ಅವನಲ್ಲೇ ಅಡಗಿರುವ ಚಿತ್ಕಳೆಯನ್ನು ಎಬ್ಬಿಸಿ ಆ ಲಿಂಗದಲ್ಲಿ ನೆಲೆಗೊಳಿಸುತ್ತಾನೆ. ಕಿವಿಯಲ್ಲಿ ಪಂಚಾಕ್ಷರಿಯನ್ನು ಹೇಳಿ ಲಿಂಗವನ್ನು ಕರಸ್ಥಲಕ್ಕೆ ಕೊಡುತ್ತಾನೆ. ವೇಧಾ, ಮಂತ್ರ, ಕ್ರಿಯಾ ಎಂಬ ಮೂರು ದೀಕ್ಷೆಗಳ ಅರ್ಥ ಇದೇ. ಕಳೆ ಹೊರಗಿನಿಂದ ಬಂದದ್ದಲ್ಲ, ನಿಮ್ಮೊಳಗಿನದು ನಿಮ್ಮ ಅಂಗೈಗೆ ಬಂದಿತು ಎಂಬುದನ್ನು ಮನಗಾಣಬೇಕು. ಹೀಗಿರುವಲ್ಲಿ ಲೇಪ ಸವೆದ ಮಾತ್ರಕ್ಕೆ ಆ ಕಳೆ ಎಲ್ಲಿಗೆ ಹೋದೀತು?

ಹಾಗೆಂದು ವಸ್ತುವನ್ನು ಅಲಕ್ಷಿಸಲಾಗದು. ಶುಚಿಯಾಗಿಡುವ ಬಗೆಯನ್ನು ಕೇಳಿ. ಲಿಂಗಕ್ಕೆ ಹುಣಸೆ, ಸೋಪು, ನಾರು ತಾಗಿಸಬಾರದು. ಶುದ್ಧವಾದ ತಣ್ಣೀರಿನಲ್ಲಿ ಬೆರಳಿನಿಂದ ಮೃದುವಾಗಿ ತೊಳೆದು ಮೆತ್ತನೆಯ ಬಟ್ಟೆಯಿಂದ ಒರೆಸಿದರೆ ಸಾಕು. ಕೈಯಿಂದ ಜಾರದಂತೆ ಕೆಳಗೆ ಒಂದು ವಸ್ತ್ರ ಹಾಸಿಕೊಂಡು ಕುಳಿತುಕೊಳ್ಳಿ. ಬೆಳ್ಳಿಯ ಕರಡಿಗೆ ಗಾಳಿಯಲ್ಲಿರುವ ಗಂಧಕದ ಅಂಶಕ್ಕೆ ಕಪ್ಪಾಗುತ್ತದೆ. ಅದು ದೋಷವಲ್ಲ. ನುಣ್ಣಗಿನ ವಿಭೂತಿಯಿಂದ ಉಜ್ಜಿದರೆ ಬೆಳಗುತ್ತದೆ. ಶಿವದಾರ ಬೆವರಿನಿಂದ ಜೀರ್ಣವಾಗುತ್ತದೆ, ಕಡಿದು ಬೀಳುವ ಮೊದಲೇ ಬದಲಾಯಿಸಬೇಕು. ರುದ್ರಾಕ್ಷಿಯನ್ನು ಮೆತ್ತನೆಯ ಕುಂಚದಿಂದ ತೊಳೆದು, ನೆರಳಲ್ಲಿ ಆರಿಸಿ, ಒಂದಿಷ್ಟು ಎಣ್ಣೆ ಸವರಿದರೆ ಬಿರಿಯುವುದಿಲ್ಲ. ವಿಭೂತಿಯಾದರೋ ಸಗಣಿಯ ಬೆರಣಿಯನ್ನು ಸುಟ್ಟ ಬೂದಿ. ಅದನ್ನು ನೀರಿನಲ್ಲಿ ಕಲಸಿ, ಬಟ್ಟೆಯಲ್ಲಿ ಸೋಸಿ, ತಿಳಿ ಬಸಿದು, ಗಟ್ಟಿ ಕಟ್ಟಿ ಬಿಸಿಲಿಗಿಟ್ಟು ಮಾಡುವುದು. ಅಂಗಡಿಯಲ್ಲಿ ಬೆಳ್ಳಗೆ ಹೊಳೆಯುವುದೆಲ್ಲ ವಿಭೂತಿಯಲ್ಲ. ಸುಣ್ಣವನ್ನೋ ಬಿಳಿಮಣ್ಣನ್ನೋ ಹಣೆಗೆ ಹಚ್ಚಿ ಭಸ್ಮಧಾರಣೆ ಎಂದರಾದೀತೆ? ಮನೆಯಲ್ಲಿ ಹಸುವಿರುವವರು ವರ್ಷಕ್ಕಾಗುವಷ್ಟು ತಾವೇ ಮಾಡಿಕೊಳ್ಳಬಹುದು.

ಇನ್ನು ಸೂತಕದ ಮಾತು. ಹಲವು ಮನೆಗಳಲ್ಲಿ ಬಾಣಂತಿಯ ಲಿಂಗವನ್ನು ತೆಗೆಸಿಡುತ್ತಾರೆ. ತಿಂಗಳ ದಿನಗಳಲ್ಲಿ ಹೆಣ್ಣುಮಕ್ಕಳಿಗೆ ಪೂಜೆ ಬೇಡವೆನ್ನುತ್ತಾರೆ. ಸಾವಾದ ಮನೆಯಲ್ಲಿ ಲಿಂಗವನ್ನು ಗೂಟಕ್ಕೆ ತೂಗುಹಾಕುವವರೂ ಉಂಟು. ಇದು ಶರಣ ಮಾರ್ಗವಲ್ಲ. ಜನನ, ಮರಣ, ಜಾತಿ, ರಜಸ್ಸು, ಎಂಜಲು ಎಂಬ ಪಂಚಸೂತಕಗಳು ಲಿಂಗಧಾರಿಗೆ ಇಲ್ಲವೆಂದು 12ನೆಯ ಶತಮಾನದಲ್ಲಿ ಬಸವಾದಿ ಶರಣರು ಸಾರಿದರು. ಹೆಣ್ಣಿಗೂ ಗಂಡಿಗೂ, ಉಳ್ಳವನಿಗೂ ಇಲ್ಲದವನಿಗೂ ಅದೇ ಲಿಂಗವನ್ನು ಕೊಟ್ಟರು. ಹಡೆದು ದಣಿದ ತಾಯಿಗೆ ಎಂದಿಗಿಂತ ಹೆಚ್ಚಾಗಿ ದೇವರು ಬೇಕಾದ ಹೊತ್ತಿನಲ್ಲಿ ಅವಳ ಎದೆಯ ಮೇಲಿನ ಲಿಂಗವನ್ನು ಬಿಚ್ಚಿಸುವುದು ಯಾವ ಧರ್ಮ? ಅತ್ತೆಯರಾದವರು ಇದನ್ನು ಯೋಚಿಸಬೇಕು. ಲಿಂಗವು ಮೈಲಿಗೆಯಾಗುವ ವಸ್ತುವಲ್ಲ, ಮೈಲಿಗೆ ಕಳೆಯುವ ವಸ್ತು.

ಲಿಂಗ ಕೈತಪ್ಪಿ ಬಿದ್ದರೆ, ಕಳೆದುಹೋದರೆ ಪ್ರಾಣವನ್ನೇ ಬಿಡಬೇಕೆಂದು ಹೆದರಿಸುವ ಮಾತೂ ಕೆಲವೆಡೆ ಉಂಟು. ಅದು ನಿಷ್ಠೆಯ ಬಿಗಿಯನ್ನು ತೋರಿಸಲು ಆಡಿದ ಮಾತೇ ಹೊರತು ಯಾರೂ ಜೀವ ಕಳೆದುಕೊಳ್ಳಲೆಂದಲ್ಲ. ಪ್ರಾಣವೇ ಲಿಂಗವಾಗಿರುವಾಗ ಒಂದನ್ನು ಕೊಂದು ಇನ್ನೊಂದನ್ನು ಉಳಿಸುವುದು ಹೇಗೆ? ಬಿದ್ದರೆ ಎತ್ತಿಕೊಳ್ಳಿ. ತೊಳೆದು, ವಿಭೂತಿ ಧರಿಸಿ, ಪಂಚಾಕ್ಷರಿ ಜಪಿಸಿ, ಧರಿಸಿಕೊಳ್ಳಿ. ಲೇಪ ಹೋಗಿದ್ದರೆ, ಒಡೆದಿದ್ದರೆ, ಕಳೆದಿದ್ದರೆ ಗುರುವಿನ ಬಳಿಗೆ ಬನ್ನಿ. ಬೇರೆ ಲಿಂಗವನ್ನು ಸಂಸ್ಕರಿಸಿ ಕೊಡಲು ಮಠವಿದೆ. ಅಂಜಿ ದೂರವಿರುವುದೊಂದೇ ತಪ್ಪು.

ಆ ತಾಯಿ ಸೆರಗಿನ ಗಂಟು ಬಿಚ್ಚಿ ಲಿಂಗವನ್ನು ನಮ್ಮ ಮುಂದಿಟ್ಟರು. ಲೇಪ ಒಂದು ಕಡೆ ಎದ್ದಿತ್ತು, ಒಳಗಿನ ಶಿಲೆ ಅಖಂಡವಾಗಿತ್ತು. "ತಾಯಿ, ಈ ಮೂರು ತಿಂಗಳಲ್ಲಿ ದೇವರನ್ನು ಎಷ್ಟು ಸಲ ನೆನೆದಿರಿ?" ಎಂದು ಕೇಳಿದೆವು. "ಮರೆತಿದ್ದೇ ಇಲ್ವಲ್ಲ ಬುದ್ಧಿ, ಹಗಲೂ ರಾತ್ರಿ ಅದೇ ಯೋಚನೆ" ಎಂದರು. "ಹಾಗಾದರೆ ಕಳೆ ಎಲ್ಲಿಗೂ ಹೋಗಿಲ್ಲ. ಕಪ್ಪು ಮಾತ್ರ ಹೋಗಿದೆ, ಹಚ್ಚಿಸಿ ಕೊಡುತ್ತೇವೆ" ಎಂದೆವು. ಆ ದಿನ ಅವರು ಪ್ರಸಾದ ಸ್ವೀಕರಿಸಿ ಹೋದರು. ಲೇಪವಾದ ಮೇಲೆ ಬಂದು ಲಿಂಗವನ್ನು ಕಣ್ಣಿಗೊತ್ತಿಕೊಂಡು ಧರಿಸಿದರು.

ಪಾತ್ರೆಯನ್ನು ಹುಳಿಯಿಂದ ಬೆಳಗಿರಿ, ಲಿಂಗವನ್ನು ನೀರಿನಿಂದ ತೊಳೆಯಿರಿ, ಮನಸ್ಸನ್ನು ನೆನಹಿನಿಂದ ತೊಳೆಯಿರಿ. ನಿಮ್ಮ ಮನೆಯಲ್ಲಿ ಹೀಗೆ ಅಂಜಿ ಲಿಂಗವನ್ನು ಗೂಡಿನಲ್ಲಿಟ್ಟವರು ಯಾರಾದರೂ ಇದ್ದರೆ, ಇಂದೇ ಹೋಗಿ ಅವರ ಕೈಗೆ ಅದನ್ನು ಕೊಡಿ.