ಕೋವಿಯ ನಳಿಗೆ

ಹೈದರಾಬಾದಿನ ಅಬಿಡ್ಸ್ ಪೇಟೆಯ ಸಮೀಪದಲ್ಲಿರುವ ‘ಗನ್ ಫೌಂಡ್ರಿ’ ಬಡಾವಣೆಗೆ ‘ತೋಪ್ ಕಾ ಸಾಂಚಾ’ ಎಂಬ ಹಳೆಯ ಹೆಸರುಂಟು. ಎಂದರೆ ತೋಪಿನ ಅಚ್ಚು. ನಿಜಾಮ್ ಅಲಿ ಖಾನನ ಸೇವೆಯಲ್ಲಿದ್ದ ಫ್ರೆಂಚ್ ಸೇನಾನಿ ರೇಮಾನ್ ೧೮ನೆಯ ಶತಮಾನದ ಕೊನೆಯ ಭಾಗದಲ್ಲಿ ಅಲ್ಲಿ ಎರಕದ ಕಾರ್ಖಾನೆಯನ್ನು ನಡೆಸಿದನು. ಅವನು ೧೭೯೮ರ ಮಾರ್ಚ್ ತಿಂಗಳಲ್ಲಿ ತೀರಿಕೊಂಡನು. ಅದೇ ವರ್ಷದ ಅಕ್ಟೋಬರಿನಲ್ಲಿ ಇಂಗ್ಲಿಷರು ಅವನ ದಳವನ್ನು ನಿಶ್ಶಸ್ತ್ರಗೊಳಿಸಿದರು. ಉಳಿದುದು ಹೆಸರು. ಆ ಹೆಸರಿನಲ್ಲಿ ಒಂದು ಸೂಕ್ಷ್ಮವೂ ಅಡಗಿದೆ: ತೋಪಿಗೆ ಅಚ್ಚುಂಟು, ಆ ಕಾಲದ ಕೈಕೋವಿಯ ನಳಿಗೆಗೆ ಅಚ್ಚಿಲ್ಲ.

ತೋಪಿನ ಗೋಡೆ ದಪ್ಪವಾದುದು. ಕರಗಿಸಿದ ಕಂಚನ್ನು ಅಚ್ಚಿಗೆ ಹೊಯ್ದು ಅದನ್ನು ಮಾಡಬಹುದು. ಕೈಯಲ್ಲಿ ಎತ್ತಿ ಹಿಡಿಯತಕ್ಕ ಕೋವಿಗಾದರೋ ತೆಳುವಾದ ನಳಿಗೆ ಬೇಕು. ಎರಕದ ಕಬ್ಬಿಣವನ್ನು ಅಷ್ಟು ತೆಳುವಾಗಿಸಿದರೆ ಅದು ಗಾಜಿನಂತೆ ಸಿಡಿಯುತ್ತದೆ. ಆದುದರಿಂದ ಕಮ್ಮಾರರು ಮೆದುಕಬ್ಬಿಣದ ಪಟ್ಟಿಯನ್ನು ಕಾಯಿಸಿ, ಸಲಾಕೆಯ ಸುತ್ತ ಬಡಿದು, ಅಂಚಿಗೆ ಅಂಚನ್ನು ಬೆಸೆದು ನಳಿಗೆಯನ್ನು ಮಾಡುತ್ತಿದ್ದರು. ಬಾಯಿಯಿಂದ ಮದ್ದು ತುಂಬುವ, ಒಳಗೆ ಸುರುಳಿಗೀರುಗಳಿಲ್ಲದ ಕೋವಿಯನ್ನು ಹೇಳಿಮಾಡಿಸುವವನು ಮೊದಲು ಗೊತ್ತುಮಾಡಬೇಕಾದುದು ಈ ನಳಿಗೆಯನ್ನೇ. ಮರದ ಹಿಡಿ ಒಡೆದರೆ ಬೇರೆ ಹಿಡಿ, ಕುದುರೆ ಸವೆದರೆ ಬೇರೆ ಕುದುರೆ. ನಳಿಗೆ ಒಡೆದರೆ ಹೋಗುವುದು ಹಿಡಿದವನ ಕೈ.

ಬೆಸುಗೆ ಎಲ್ಲಿ ಹಾದಿದೆ ಎಂಬುದು ಮೊದಲ ಪ್ರಶ್ನೆ. ಕೊಳವೆಯೊಳಗೆ ಹೊಗೆಯ ಒತ್ತಡ ಏರಿದಾಗ ಅದು ಗೋಡೆಯನ್ನು ಎರಡು ದಿಕ್ಕಿಗೆ ಸೆಳೆಯುತ್ತದೆ. ತೆಳುಗೊಳವೆಯಲ್ಲಿ ಸುತ್ತಳತೆಯ ದಿಕ್ಕಿನ ಸೆಳೆತ ಉದ್ದದ ದಿಕ್ಕಿನ ಸೆಳೆತದ ಇಮ್ಮಡಿ. ಪಟ್ಟಿಯನ್ನು ಉದ್ದಕ್ಕೆ ಮಡಿಚಿ ಬೆಸೆದ ಸಾದಾ ನಳಿಗೆಯಲ್ಲಿ ಈ ಇಮ್ಮಡಿ ಸೆಳೆತವೆಲ್ಲ ಬೆಸುಗೆಯ ಗೆರೆಯನ್ನೇ ಬಿಚ್ಚಲು ಹವಣಿಸುತ್ತದೆ. ಪಟ್ಟಿಯನ್ನು ಹಗ್ಗದಂತೆ ಸಲಾಕೆಗೆ ಸುತ್ತಿ ಬೆಸೆದರೆ ಗೆರೆ ಅಡ್ಡಡ್ಡವಾಗಿ ಸುತ್ತಿಬರುತ್ತದೆ. ಅದರ ಮೇಲೆ ಬೀಳುವುದು ಹೆಚ್ಚಾಗಿ ಕಡಿಮೆಯ ಸೆಳೆತ. ಶ್ರೀರಂಗಪಟ್ಟಣದಲ್ಲಿ ಟಿಪ್ಪು ಸುಲ್ತಾನನಿಗಾಗಿ ಮಾಡಿದ ಕೋವಿಗಳಲ್ಲಿ ಇಂಥ ಸುತ್ತುಬೆಸುಗೆಯ ನಳಿಗೆಗಳು ಕಾಣಸಿಗುತ್ತವೆ. ಅವುಗಳ ಹುಲಿಮುಖವನ್ನು ನೋಡುವವರು ಬಹಳ. ಬೆಸುಗೆಯನ್ನು ನೋಡುವವರು ವಿರಳ.

ಸುತ್ತುಬೆಸುಗೆಯ ನಳಿಗೆಯನ್ನು ಉಜ್ಜಿ ಹುಳಿ ಹಚ್ಚಿದರೆ ಮೈಮೇಲೆ ನೀರಲೆಯಂತಹ ಚಿತ್ತಾರ ಮೂಡುತ್ತದೆ. ಇದಕ್ಕೆ ಪೇಟೆಯ ಹೆಸರು ‘ಡಮಾಸ್ಕಸ್’. ಇದೇ ಹೆಸರನ್ನು ಬೇರೊಂದು ವಸ್ತುವಿಗೂ ಹಚ್ಚಿರುವುದರಿಂದ ತೊಡಕುಂಟಾಗಿದೆ. ಇಂದಿನ ನಿಜಾಮಾಬಾದ್ ಜಿಲ್ಲೆಯ ಕೋನಸಮುದ್ರದಲ್ಲಿ ಮೂಸೆಯೊಳಗೆ ಉಕ್ಕನ್ನು ಕರಗಿಸಿ ಗಟ್ಟಿ ಮಾಡುತ್ತಿದ್ದರು. ಪಾರಸಿ ವರ್ತಕರು ಅದನ್ನು ಕೊಳ್ಳಲು ಅಲ್ಲಿಗೇ ಬರುತ್ತಿದ್ದರು. ಹೆನ್ರಿ ವಾಯ್ಸಿ ಎಂಬ ಭೂವಿಜ್ಞಾನಿ ಆ ಕೆಲಸವನ್ನು ಕಣ್ಣಾರೆ ಕಂಡು ಬರೆದ ವಿವರಣೆ, ಅವನು ತೀರಿಕೊಂಡ ಮೇಲೆ, ೧೮೩೨ರಲ್ಲಿ ಬಂಗಾಳದ ಏಷ್ಯಾಟಿಕ್ ಸೊಸೈಟಿಯ ಪತ್ರಿಕೆಯಲ್ಲಿ ಅಚ್ಚಾಯಿತು. ಯುರೋಪಿನವರು ಈ ಲೋಹವನ್ನು ‘ವೂಟ್ಸ್’ ಎಂದರು. ಅದು ನಮ್ಮ ‘ಉಕ್ಕು’ ಎಂಬ ಮಾತಿನ ಅಪಭ್ರಂಶವೆಂದು ಹಲವು ವಿದ್ವಾಂಸರ ಮತ. ಮೂಸೆಯುಕ್ಕಿನ ಅಲೆ ಲೋಹದೊಳಗಿನ ಇಂಗಾಲದ ಕಣಗಳ ಸಾಲಿನಿಂದ ತಾನಾಗಿ ಮೂಡುವುದು. ನಳಿಗೆಯ ಅಲೆ ಬೆಸೆದ ಪಟ್ಟಿಗಳ ಅಂಚು. ಮೊದಲನೆಯದರಲ್ಲಿ ಇಂಗಾಲ ನೂರಕ್ಕೆ ಒಂದೂವರೆಯಷ್ಟು. ಕತ್ತಿಯ ಬಾಯಿಗೆ ಅದು ಒಳ್ಳೆಯದು, ಬೆಸುಗೆಗೆ ಒಗ್ಗುವುದು ಕಷ್ಟ. ಸಾಲಾರ್ ಜಂಗ್ ವಸ್ತುಸಂಗ್ರಹಾಲಯದ ಆಯುಧಗಳ ಮುಂದೆ ನಿಂತು ಕತ್ತಿಯ ಅಲೆಯನ್ನೂ ಕೋವಿಯ ಅಲೆಯನ್ನೂ ಒಂದೇ ಎಂದು ಮೆಚ್ಚುವವರು ಉಂಟು. ಮೆಚ್ಚಲಿ, ಆದರೆ ಅದನ್ನು ನಂಬಿ ಮದ್ದು ತುಂಬಬಾರದು. ಅಲೆ ಚೆಲುವಾದಷ್ಟೂ ಬೆಸುಗೆಗಳು ಹೆಚ್ಚು, ಬೆಸುಗೆ ಹೆಚ್ಚಿದಷ್ಟೂ ನಡುವೆ ಕಿಟ್ಟ ಸಿಕ್ಕಿಕೊಳ್ಳುವ ಎಡೆಯೂ ಹೆಚ್ಚು.

ಆದಕಾರಣ ಹಳೆಯ ನಳಿಗೆಯನ್ನು ಒಳಗಿನಿಂದ ಪರೀಕ್ಷಿಸಬೇಕು. ಬೆಳಕಿಗೆ ಹಿಡಿದು ಇಣುಕಿದರೆ ಒಳಮೈಯಲ್ಲಿ ನೆರಳಿನ ಬಳೆಗಳು ಕಾಣುತ್ತವೆ. ನಳಿಗೆಯನ್ನು ತಿರುಗಿಸಿದಾಗ ಅವು ಸೊಟ್ಟಗಾದರೆ ಕೊಳವೆ ಡೊಂಕು. ಡೊಂಕನ್ನು ತಿದ್ದಬಹುದು. ತಿದ್ದಲಾಗದುದು ಬುಡದ ತುಕ್ಕು. ಕರಿಮದ್ದಿನ ಮಸಿ ಗಾಳಿಯ ತೇವವನ್ನು ಹೀರುತ್ತದೆ. ಗಜಕ್ಕೆ ಬಟ್ಟೆ ಸುತ್ತಿ ಎಷ್ಟು ಉಜ್ಜಿದರೂ ಬುಡದ ಬೆಣೆಯ ಮೂಲೆ ಕೈಗೆ ಸಿಗದು. ಒತ್ತಡ ಅತ್ಯಧಿಕವಾಗಿರುವುದೂ ಅಲ್ಲಿಯೇ. ಬುಡದಲ್ಲಿ ಎಂಟುಮೂಲೆಯಾಗಿ ದಪ್ಪವಾಗಿದ್ದು ಬಾಯಿಯ ಕಡೆಗೆ ದುಂಡಾಗಿ ತೆಳುವಾಗುವ ಆಕಾರ ಅಲಂಕಾರಕ್ಕಲ್ಲ, ಈ ಕಾರಣಕ್ಕೆ. ನಮ್ಮ ನಾಡಿನ ಅನೇಕ ಹಳೆಯ ನಳಿಗೆಗಳಲ್ಲಿ ಬೆಣೆಗೆ ತಿರುಪು ಇರುವುದಿಲ್ಲ, ಬಡಿದು ಕೂರಿಸಿರುತ್ತಾರೆ. ಬಿಚ್ಚಿ ನೋಡಲು ಬಾರದ ಅಂಥ ನಳಿಗೆಯನ್ನು ಗೋಡೆಗೆ ತೂಗುಹಾಕುವುದೇ ಲೇಸು. ಹೊಗೆಯಿಲ್ಲದ ಹೊಸ ಮದ್ದನ್ನಂತೂ ಯಾವ ಬಾಯಿಮದ್ದಿನ ಕೋವಿಗೂ ಹಾಕಲಾಗದು. ಹೊಸ ಕೋವಿಗೆ ಆರಿಸತಕ್ಕದ್ದು ಇಡಿಯ ಉಕ್ಕಿನ ಸರಳನ್ನು ಕೊರೆದು ಮಾಡಿದ, ಅಧಿಕ ಮದ್ದಿನಿಂದ ಪರೀಕ್ಷಿಸಿ ಮುದ್ರೆ ಒತ್ತಿದ ನಳಿಗೆ. ಲಂಡನ್ನಿನ ಕೋವಿಗಾರರ ಸಂಘಕ್ಕೆ ೧೬೩೭ರಲ್ಲಿ, ಬರ್ಮಿಂಗ್ಹಾಮಿಗೆ ೧೮೧೩ರಲ್ಲಿ ಈ ಮುದ್ರೆಯ ಅಧಿಕಾರ ದೊರೆಯಿತು.

ಕೊಳವೆಯ ಅಗಲದ ಲೆಕ್ಕ ಸುಲಭ. ಒಂದು ಪೌಂಡು ಸೀಸದಿಂದ ಎಷ್ಟು ಸಮಗಾತ್ರದ ಗುಂಡುಗಳಾಗುವುವೋ ಅದೇ ಸಂಖ್ಯೆ: ೧೨ನೆಯ ಅಳತೆ ೧೮.೫ ಮಿಲಿಮೀಟರು, ೨೦ನೆಯದು ೧೫.೬. ಒಂದೇ ಹೊರ ಅಳತೆಯಲ್ಲಿ ಕೊಳವೆ ಹಿರಿದಾದಷ್ಟೂ ಗೋಡೆ ತೆಳುವಾಗುತ್ತದೆ. ಚರೆ ಹಾರಿಸುವುದು ಮುಖ್ಯವಾದರೆ ೧೨. ಒಂಟಿ ಗುಂಡೂ ಬೇಕಾದರೆ ೨೦ ಸಾಕು.

ಕೊಡಗಿನಲ್ಲಿ ಕೈಲ್ ಪೋಳ್ದಿನ ದಿನ ಕೋವಿಗೆ ‘ತೋಕ್ ಪೂ’ ಮುಡಿಸಿ ಪೂಜಿಸುತ್ತಾರೆ. ೧೮೬೧ರಲ್ಲಿ ಕೊಡವರಿಗೆ ದೊರೆತ ಆಯುಧ ವಿನಾಯತಿಯನ್ನು ೨೦೧೯ರಲ್ಲಿ ಕೇಂದ್ರ ಸರ್ಕಾರ ೨೦೨೯ರವರೆಗೆ ಮುಂದುವರಿಸಿತು. ಅದು ಇಟ್ಟುಕೊಳ್ಳುವ ವಿನಾಯತಿ, ಮಾಡುವುದಕ್ಕಲ್ಲ. ೧೯೫೯ರ ಆಯುಧ ಕಾಯಿದೆಯ ೫ನೆಯ ಕಲಮಿನಂತೆ ಕೋವಿಯನ್ನು ಮಾಡಲು, ರಿಪೇರಿಮಾಡಲು, ಪರೀಕ್ಷಿಸಲು ಲೈಸೆನ್ಸು ಬೇಕು. ಅಜ್ಜನ ಉದ್ದ ಕೋವಿಯ ಬಾಯಿ ಸವೆದಿದೆಯೆಂದು ನಾಲ್ಕು ಅಂಗುಲ ಕೊಯ್ಯಿಸುವ ವಾಡಿಕೆ ಹಳ್ಳಿಗಳಲ್ಲಿ ಇದ್ದರೂ, ನಳಿಗೆಯನ್ನು ಮೊಟಕುಗೊಳಿಸುವುದಕ್ಕೆ ಅದೇ ಕಾಯಿದೆಯ ೬ನೆಯ ಕಲಮು ಬೇರೆಯೇ ಲೈಸೆನ್ಸನ್ನು ವಿಧಿಸಿದೆ.