ಗಂಜಿ ಹಂಚಿಕೊಳ್ಳಿ, ಬೈರಾಸು ಬೇಡ

ಪುತ್ತೂರಿನ ಸಂತ ಫಿಲೋಮಿನಾ ಮತ್ತು ವಿವೇಕಾನಂದ, ಸುಳ್ಯದ ಕೆ.ವಿ.ಜಿ. ಮೊದಲಾದ ಕಾಲೇಜುಗಳಿಗೆ ಘಟ್ಟದ ಮೇಲಿನಿಂದಲೂ ಕಾಸರಗೋಡಿನಿಂದಲೂ ಮಕ್ಕಳು ಬರುತ್ತಾರೆ. ಪುತ್ತೂರು, ಸುಳ್ಯ, ಕಡಬದ ಮಳೆಗಾಲವನ್ನು ಹಾಸ್ಟೆಲಿನಲ್ಲಿ ಕಳೆಯುವವರಿಗೆ ಬಕೆಟು, ನೀರಿನ ಜಗ್ಗು, ಬಟ್ಟೆಯ ಹಗ್ಗ ಎಲ್ಲವೂ ಪಾಲಿನವು. ಹಾಗಾಗಿ ಒಬ್ಬರ ತಪ್ಪು ತಿಳಿವಳಿಕೆಗೆ ಇಡೀ ಮಹಡಿ ಮಲಗುತ್ತದೆ.

ನಂಬಿಕೆ: ಮೆಸ್ಸಿನಲ್ಲಿ ಬಿಸಿನೀರೇ ಕೊಡುತ್ತಾರೆ, ಕಾಮಾಲೆಯ ಭಯವಿಲ್ಲ.

ಸತ್ಯ: ಬಿಸಿಯಾದ ನೀರೆಲ್ಲ ಕುದಿದ ನೀರಲ್ಲ. ಬೇಗ ಆರಲೆಂದು ಕುದಿನೀರಿಗೆ ಅರ್ಧ ಕೊಡಪಾನ ತಣ್ಣೀರು ಸುರಿದರೆ, ಕಾಮಾಲೆ ತರುವ ಹೆಪಟೈಟಿಸ್ ಎ ವೈರಸ್ ಆ ತಣ್ಣೀರಿನೊಂದಿಗೇ ಬರಬಹುದು. ಪದಿಮುಗದ ಚಕ್ಕೆ ಹಾಕಿದ ಕೆಂಪು ನೀರಿಗೂ ಇದೇ ಮಾತು. ನೀರು ಕೊತಕೊತನೆ 1 ನಿಮಿಷವಾದರೂ ಕುದಿಯಬೇಕು, ಮುಚ್ಚಿಟ್ಟಲ್ಲೇ ಆರಬೇಕು. ಸೋಂಕು ತಗಲಿ ಕಾಯಿಲೆ ಕಾಣಿಸಿಕೊಳ್ಳಲು ಸುಮಾರು 4 ವಾರ ಹಿಡಿಯುತ್ತದೆ. ಅಷ್ಟರಲ್ಲಿ ಕುಡಿದ ನೀರು ಮರೆತಿರುತ್ತದೆ, ಬೈಗುಳ ನಿನ್ನೆಯ ಸಾಂಬಾರಿಗೆ ಸಿಗುತ್ತದೆ.

ನಂಬಿಕೆ: ಡೆಂಗಿ ಸೊಳ್ಳೆ ಚರಂಡಿಯದ್ದು, ರಾತ್ರಿ ಪರದೆ ಕಟ್ಟಿದರೆ ಸಾಕು.

ಸತ್ಯ: ಅದು ಹಗಲಲ್ಲೇ ಕಚ್ಚುತ್ತದೆ, ನಿಂತ ತಿಳಿನೀರಿನಲ್ಲಿ ಹುಟ್ಟುತ್ತದೆ. ಬೇಲಿಯಾಚೆಯ ತೋಟದಲ್ಲಿ ಬಿದ್ದ ಅಡಿಕೆ ಹಾಳೆ, ತೆಂಗಿನ ಗೆರಟೆ, ರಬ್ಬರ್ ಮರಕ್ಕೆ ಕಟ್ಟಿದ ಕಪ್ಪು, ಬೇಲಿಯೊಳಗೆ ಯಾರೋ ಬಿಟ್ಟುಹೋದ ಬಕೆಟು: ಇವೇ ಅದರ ತೊಟ್ಟಿಲುಗಳು. ಮೊಟ್ಟೆ ಸೊಳ್ಳೆಯಾಗಲು 7ರಿಂದ 10 ದಿನ. ವಾರಕ್ಕೊಮ್ಮೆ ನೀರು ಚೆಲ್ಲಿ, ಅಂಚು ಉಜ್ಜಿ. ಮೊಟ್ಟೆ ಅಲ್ಲೇ ಅಂಟಿರುತ್ತದೆ.

ನಂಬಿಕೆ: ಜ್ವರ ಬಿಟ್ಟಿತು, ಇನ್ನು ಕ್ಲಾಸಿಗೆ ಹೋಗಬಹುದು.

ಸತ್ಯ: ಡೆಂಗಿಯಲ್ಲಿ ಜ್ವರ ಇಳಿದ ಮೇಲಿನ 24ರಿಂದ 48 ಗಂಟೆಯೇ ನಾಜೂಕಿನದು. ತೀವ್ರ ಹೊಟ್ಟೆನೋವು, ನಿಲ್ಲದ ವಾಂತಿ, ವಸಡಿನಲ್ಲಿ ರಕ್ತ, ಏಳಲಾಗದ ಸುಸ್ತು ಕಂಡರೆ ತಕ್ಷಣ ಆಸ್ಪತ್ರೆ. ಕಡಬದ ಒಳ ಊರುಗಳಿಂದ ಪುತ್ತೂರಿಗೋ ಸುಳ್ಯಕ್ಕೋ ದಾರಿ ದೂರ, ಬೆಳಗಾಗಲಿ ಎಂದು ಕಾಯಬೇಡಿ. ಮೈಕೈ ನೋವಿಗೆ ಆಸ್ಪಿರಿನ್, ಐಬುಪ್ರೊಫೆನ್ ನುಂಗಬಾರದು, ರಕ್ತಸ್ರಾವ ಹೆಚ್ಚಬಹುದು. ಪಪ್ಪಾಯಿ ಎಲೆಯ ರಸ ಕುಡಿಸಿದೆವೆಂದು ನಿಗಾ ಬಿಡುವಂತಿಲ್ಲ.

ನಂಬಿಕೆ: ಆಟಿ ಅಮಾವಾಸ್ಯೆಗೆ ಪಾಲೆ ಕಷಾಯ ಕುಡಿದರೆ ವರ್ಷವಿಡೀ ಕಾಯಿಲೆ ಇಲ್ಲ.

ಸತ್ಯ: ಆಚರಣೆ ತುಳುನಾಡಿನದು, ಇರಲಿ. ಆದರೆ ಅದು ಲಸಿಕೆಯಲ್ಲ. ಹೆಪಟೈಟಿಸ್ ಎಗೆ ಲಸಿಕೆ ಬೇರೆಯೇ ಇದೆ. ಪಾಲೆ ಮರದ ಗುರುತಿಲ್ಲದ ಹುಡುಗರು ಮುಂಜಾನೆಯ ಕತ್ತಲಲ್ಲಿ ಕೆತ್ತೆ ತೆಗೆಯಲು ಹೋಗಲೇಬಾರದು. ಪಾಲೆಯೆಂದು ಕಾಸರಕದ ಕೆತ್ತೆ ತಂದರೆ ಅದು ವಿಷ.

ನಂಬಿಕೆ: ಕೆಂಗಣ್ಣು ನೋಡಿದರೇ ಅಂಟುತ್ತದೆ, ಹುಳುಕಡ್ಡಿ ಹುಳದಿಂದ ಬರುತ್ತದೆ.

ಸತ್ಯ: ಕೆಂಗಣ್ಣು ಹರಡುವುದು ಕಣ್ಣುಜ್ಜಿದ ಕೈಯಿಂದ, ತಲೆದಿಂಬಿನಿಂದ, ಬೈರಾಸಿನಿಂದ. ಹುಳುಕಡ್ಡಿಯಲ್ಲಿ ಹುಳವಿಲ್ಲ, ಅದು ಶಿಲೀಂಧ್ರ. ಒಣಗದ ಬೈರಾಸು ಅದಕ್ಕೂ ವಾಹನ. ಮೆಡಿಕಲ್ಲಿನಲ್ಲಿ ಕೇಳಿ ತಂದ ಸ್ಟೀರಾಯ್ಡ್ ಬೆರೆತ ಮುಲಾಮು ತುರಿಕೆ ತಗ್ಗಿಸಿ ಸೋಂಕು ಬೆಳೆಸುತ್ತದೆ.

ನಂಬಿಕೆ: ಕುಚ್ಚಲಕ್ಕಿ ಒರಟು, ಬೆಳ್ತಿಗೆಯೇ ಮೇಲು.

ಸತ್ಯ: ಘಟ್ಟದ ಮೇಲಿನವರ ಮೊದಲ ವಾರದ ದೂರು ಇದು. ಕುಚ್ಚಲಕ್ಕಿಗಾಗಿ ಭತ್ತವನ್ನು ಸಿಪ್ಪೆಸಮೇತ ಬೇಯಿಸುವಾಗ ಬಿ ಜೀವಸತ್ವಗಳು ಕಾಳಿನೊಳಕ್ಕೆ ಇಳಿಯುತ್ತವೆ, ಮಿಲ್ಲಿನಲ್ಲಿ ತೌಡಿನೊಂದಿಗೆ ಪೂರ್ತಿ ಹೋಗುವುದಿಲ್ಲ. ಜ್ವರದ ಬಾಯಿಗೆ ಕುಚ್ಚಲಕ್ಕಿ ಗಂಜಿ, ಉಪ್ಪಿನಕಾಯಿ ಯಾಕೆ ಹಿತವೆಂದು ಅವರಿಗೂ ಒಂದು ಮಳೆಗಾಲದೊಳಗೆ ತಿಳಿಯುತ್ತದೆ.