ಜಾಲಪುಟದಲ್ಲಿ ಯಾದೃಚ್ಛಿಕ ಸಂಗೀತ

ಕಲಘಟಗಿ ತಾಲೂಕಿನ ತಂಬೂರಿನಂಥ ಹಳ್ಳಿಯ ಶಾಲೆಯೊಂದು ತನ್ನ ಜಾಲಪುಟದಲ್ಲಿ ಧಾರವಾಡ ಸೀಮೆಯ ಐವರು ಗಾಯಕರನ್ನು ಕೇಳಿಸಬೇಕೆಂದುಕೊಳ್ಳಿ: ಕುಂದಗೋಳದ ಸವಾಯಿ ಗಂಧರ್ವ, ಅವರ ಶಿಷ್ಯರಾದ ಗಂಗೂಬಾಯಿ ಹಾನಗಲ್ ಮತ್ತು ಭೀಮಸೇನ ಜೋಶಿ, ಜೊತೆಗೆ ಮಲ್ಲಿಕಾರ್ಜುನ ಮನಸೂರ, ಬಸವರಾಜ ರಾಜಗುರು. ಒಂದೇ ಕ್ರಮದಲ್ಲಿ ಕೇಳಿಸಿದರೆ ಕೊನೆಯವರ ಸರದಿ ಬರುವ ಮೊದಲೇ ತರಗತಿಯ ಅವಧಿ ಮುಗಿಯುತ್ತದೆ. ಆದ್ದರಿಂದ ಕ್ರಮವನ್ನು ಗಣಕವೇ ಯಾದೃಚ್ಛಿಕವಾಗಿ ಆರಿಸಲಿ.

ಹೇಗೆ? ಕಡತಗಳಿಗೆ 0ಯಿಂದ 4ರವರೆಗೆ ಸಂಖ್ಯೆ ಕೊಡಿ. ಜಾವಾಸ್ಕ್ರಿಪ್ಟ್‌ನ ರ‍್ಯಾಂಡಮ್ ಆದೇಶವು 0 ಅಥವಾ ಅದಕ್ಕಿಂತ ಹೆಚ್ಚಿನ, ಆದರೆ 1ಕ್ಕಿಂತ ಕಡಿಮೆಯಾದ ಸಂಖ್ಯೆಯನ್ನು ಕೊಡುತ್ತದೆ. ಅದನ್ನು 5ರಿಂದ ಗುಣಿಸಿ, ದಶಮಾಂಶ ಭಾಗವನ್ನು ಬಿಟ್ಟುಬಿಡಿ. 0.73 ಬಂದರೆ ಗುಣಲಬ್ಧ 3.65, ಅಂದರೆ 3ನೆಯ ಸಂಖ್ಯೆಯ ಕಡತ. ಓದುಗನು ಗುಂಡಿ ಒತ್ತಿದಾಗ ಆ ಕಡತವನ್ನು ಪುಟದ ಆಡಿಯೋ ಭಾಗಕ್ಕೆ ಒದಗಿಸಿದರೆ ಸಂಗೀತ ಕೇಳುತ್ತದೆ.

ಇಲ್ಲೊಂದು ತೊಡಕಿದೆ. ಪ್ರತಿ ಸಲವೂ ಐವರಿಂದ ಹೊಸದಾಗಿ ಆರಿಸಿದರೆ, ಮೊದಲ ಐದು ಸರದಿಗಳಲ್ಲಿ ಐವರೂ ಬರುವ ಸಂಭವನೀಯತೆ 120/3125, ಅಂದರೆ ಶೇಕಡಾ 4ಕ್ಕಿಂತ ಕಡಿಮೆ! ಉಳಿದಂತೆ ಯಾರಾದರೂ ಎರಡು ಸಲ ಬಂದು, ಇನ್ಯಾರೋ ಬಿಟ್ಟುಹೋಗುತ್ತಾರೆ.

ಪರಿಹಾರವೆಂದರೆ ಇಸ್ಪೀಟೆಲೆಗಳಂತೆ ಪಟ್ಟಿಯನ್ನೇ ಕಲಸುವುದು. 1938ರಲ್ಲಿ ಫಿಶರ್ ಮತ್ತು ಯೇಟ್ಸ್ ವಿವರಿಸಿದ ಈ ವಿಧಾನವನ್ನು 1964ರಲ್ಲಿ ಡರ್ಸ್ಟೆನ್‌ಫೆಲ್ಡ್ ಗಣಕಕ್ಕೆ ಅಳವಡಿಸಿದರು. ಐದರಲ್ಲಿ ಒಂದನ್ನು ಆರಿಸಿ ಐದನೆಯ ಸ್ಥಾನಕ್ಕೆ ಅದಲುಬದಲು ಮಾಡಿ, ಉಳಿದ ನಾಲ್ಕರಲ್ಲಿ ಒಂದನ್ನು ನಾಲ್ಕನೆಯ ಸ್ಥಾನಕ್ಕೆ, ಹೀಗೆಯೇ ಮುಂದುವರಿಸಿ. ಆಗ 5×4×3×2=120 ಕ್ರಮಗಳಿಗೂ ಸಮಾನ ಅವಕಾಶ ಸಿಗುತ್ತದೆ; ಒಂದು ಸುತ್ತಿನಲ್ಲಿ ಎಲ್ಲರೂ ಒಮ್ಮೊಮ್ಮೆ ಹಾಡುತ್ತಾರೆ.

ಗಣಕವಿಲ್ಲದಿದ್ದರೆ ತರಗತಿಯಲ್ಲಿ ಐದು ಚೀಟಿಗಳಿಂದಲೇ ಪರೀಕ್ಷಿಸಿ. ಎತ್ತಿದ ಚೀಟಿಯನ್ನು ಮರಳಿ ಹಾಕುತ್ತ ಒಮ್ಮೆ, ಹಾಕದೆ ಇನ್ನೊಮ್ಮೆ ಐದು ಸಲ ಎತ್ತಿ. ವ್ಯತ್ಯಾಸ ತಾನಾಗಿಯೇ ತಿಳಿಯುತ್ತದೆ.